ಚೆಕ್ಕುಬಂದಿಯ ಆಚೆಯ ಬಾವಿ

"ಗುರುಗಳೇ, ಕರಾರು ಬರೆದು ಮೊಹರು ಒತ್ತಿದ ಮೇಲೂ ಜನ ಯಾಕೆ ಹೆದರುತ್ತಾರೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಸರಕಾರ ಆಯುಧ ಮಾಡಿ, ಉಳಿದ ವಿಷದ ಕಸವನ್ನು ಒಂದು ಊರಿನ ಪಕ್ಕ ಹೂತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹತ್ತಿರ ಹೋದವರ ಮೈ ಮಾತ್ರ ಒಳಗೊಳಗೇ ಸುಡುತ್ತದೆ. ಊರವರು ಹತ್ತು ವರ್ಷ ಗೋಗರೆದ ಮೇಲೆ ಕರಾರಾಯಿತು. ನಾಲ್ಕು ದಿಕ್ಕಿಗೆ ನಾಲ್ಕು ಕಲ್ಲು ನೆಟ್ಟು, ಅವೇ ಎಲ್ಲೆಯೆಂದು ಚೆಕ್ಕುಬಂದಿ ಬರೆದರು. ಕಲ್ಲುಗಳ ಒಳಗಿನ ಮಣ್ಣನ್ನೆಲ್ಲ ಸರಕಾರ ತೆಗೆಯತಕ್ಕದ್ದು. ಕಲ್ಲನ್ನು ಯಾರಾದರೂ ಕದಲಿಸಿದರೆ ಕರಾರು ರದ್ದು. ಊರವರು ಹೆಬ್ಬೆಟ್ಟು ಒತ್ತಿ ಬೆಲ್ಲ ಹಂಚಿದರು.

ಮೂಡಣ ಕಲ್ಲಿನಿಂದ ಮೂರು ಮಾರು ಆಚೆ ಒಬ್ಬ ಕುರಿಗಾಹಿಯ ಬಾವಿ. ಅವನಿಗೆ ಬೇರೆ ನೀರಿಲ್ಲ. ಆ ವರ್ಷ ಅವನ ಕುರಿಗಳು ಒಂದರ ಹಿಂದೊಂದು ದಿನ ತುಂಬುವ ಮೊದಲೇ ಕಂದು ಹಾಕಿದವು. ಅವನ ಹೆಂಡತಿಗೆ ಆಗ ಐದು ತಿಂಗಳು.

ಅವನು ಓಡಿಹೋಗಿ, ಮಣ್ಣು ತೆಗೆಸುತ್ತಿದ್ದ ಅಧಿಕಾರಿಯ ಮುಂದೆ ನಿಂತ. "ಸ್ವಾಮಿ, ನನ್ನ ಬಾವಿಯನ್ನೂ ಒಂದು ಸಲ ನೋಡಿ."

ಅಧಿಕಾರಿ ಹಗ್ಗ ಹಿಡಿದು ಅಳೆದ. "ನಿನ್ನ ಬಾವಿ ಚೆಕ್ಕುಬಂದಿಯ ಆಚೆ ಇದೆಯಲ್ಲಯ್ಯಾ. ವಿಷಕ್ಕೇನು ಕಾಲು ಬಂತಾ?"

"ಕಾಲಿದ್ದಿದ್ದರೆ ಹೆಜ್ಜೆ ಸದ್ದಾದರೂ ಕೇಳುತ್ತಿತ್ತು, ಸ್ವಾಮಿ."

ಕೂಲಿಯವರು ನಕ್ಕರು. ಅಧಿಕಾರಿ ನಗಲಿಲ್ಲ. ಕರಾರಿನ ಹಾಳೆಗಳನ್ನು ಎರಡು ಸಲ ತಿರುವಿ, "ಬಾವಿ ಅನ್ನುವ ಮಾತೇ ಇದರಲ್ಲಿಲ್ಲ" ಎಂದ.

ಅವರೆಲ್ಲ ಊಟಕ್ಕೆ ಹೋದರು. ಕುರಿಗಾಹಿ ಮೂಡಣ ಕಲ್ಲನ್ನು ಬರಿಗೈಯಲ್ಲಿ ಕಿತ್ತು ಬಾವಿಯ ಆಚೆ ನೆಟ್ಟ.

ಅಧಿಕಾರಿ ಬಂದು ಮತ್ತೆ ಅಳೆದ. ಹಗ್ಗ ಸಾಲಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಹಾರೆ, ಗುದ್ದಲಿಗಳು ಗಾಡಿ ಹತ್ತಿದವು. ಅರ್ಧ ಅಗೆದ ಗುಂಡಿ ಬಾಯಿ ತೆರೆದೇ ಉಳಿಯಿತು. ಗಾಳಿ ಊರ ಕಡೆಗೆ ಬೀಸುತ್ತಿತ್ತು. ಜನ ಕಿಟಕಿ ಬಾಗಿಲು ಹಾಕಿಕೊಂಡರು. ಕುರಿಗಾಹಿಯನ್ನು ಬೈಯುವುದಕ್ಕೆ ಮಾತ್ರ ಒಮ್ಮೊಮ್ಮೆ ಕಿಟಕಿ ತೆರೆದರು. ಅವನ ಹೆಂಡತಿ ಖಾಲಿ ಕೊಡ ಹಿಡಿದು, ಒಳಗೆ ಇಳಿಬಿಡಲಾರದೆ, ಬಾವಿಯ ಕಟ್ಟೆಯ ಬಳಿ ನಿಂತೇ ಇದ್ದಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಲ್ಲ ಆ ಮನುಷ್ಯನಿಂದಲೇ ಕೆಟ್ಟಿತು ಗುರುಗಳೇ! ಗೆರೆ ಹಾಕಿಟ್ಟ ಮೇಲೆ ಅವನು ಯಾಕೆ ದಾಟಬೇಕಿತ್ತು?"

ಗುರುಗಳು ಕೇಳಿದರು: "ಅವನಿಗಿಂತ ಮೊದಲು ದಾಟಿದ್ದು ಯಾವುದು?"