ಕಬ್ಬಕ್ಕಿಯೂ ಅದರ ಕಾಲಿನ ನಾರೂ

ಮೊದಲ ಸಲ ದೂರದೇಶದಿಂದ ಹಾರಿಬಂದ ಹೆಣ್ಣು ಕಬ್ಬಕ್ಕಿಯೊಂದು ಸಂಜೆ ಹುಣಸೆಮರದ ಕೊಂಬೆಯ ಮೇಲೆ ಸೆಟೆದು ನಿಂತಿತ್ತು. ಗಾಳಿ ಜೋರಾಗಿತ್ತು. ನಿದ್ದೆ ಬಂದರೆ ಹಿಡಿತ ತಪ್ಪಿ, ಕೆಳಗೆ ಕಾದು ಕೂತ ಕಾಡುಬೆಕ್ಕಿನ ಬಾಯಿಗೆ ಬೀಳುತ್ತೇನೆಂಬ ಭಯ ಅದಕ್ಕೆ.

ಕಾಲಿನ ಮಾಂಸವನ್ನು ಬೆರಳುಗಳಿಗೆ ಕಟ್ಟಿದ್ದ ಹಗ್ಗದಂಥ ನಾರು, ಅಂದರೆ ಸ್ನಾಯುರಜ್ಜು, ಕೇಳಿತು: "ತಾಯಿ, ಸ್ವಲ್ಪ ಕೂತ್ಕೋಬಾರದೇ?"

"ಸುಮ್ಮನಿರಯ್ಯ! ನಾನು ಕೂತರೆ ಕೊಂಬೆ ಹಿಡಿಯೋರು ಯಾರು, ನಿಮ್ಮಪ್ಪನಾ?"

"ನಾನೇ. ನೀವು ನೆಟ್ಟಗೆ ನಿಂತರೆ ನಾನು ಸಡಿಲ. ಕಾಲು ಮಡಚಿ ಕೂತರೆ ಬಿಗಿಯಾಗ್ತೀನಿ, ಬೆರಳು ತಾನಾಗಿ ಮುಚ್ಚಿಕೊಳ್ಳುತ್ತೆ."

"ಇಷ್ಟು ದೂರ ನಾನೇ ರೆಕ್ಕೆ ಬಡಿದು ಬಂದಿದ್ದೀನಿ. ನಿನ್ನ ನಂಬಿಕೊಂಡು ಬಂದವಳಲ್ಲ."

"ಗೊತ್ತು ತಾಯಿ. ಅದಕ್ಕೇ ಹೇಳ್ತಿರೋದು."

ಮಾತಿಗೆ ಒಪ್ಪಿ ಅಲ್ಲ, ಸುಸ್ತಿಗೆ ಸೋತು ಹಕ್ಕಿ ಕುಸಿದು ಕೂತಿತು. ಬೆರಳುಗಳು ಕೊಂಬೆಯನ್ನು ಗಟ್ಟಿಯಾಗಿ ಕಚ್ಚಿಕೊಂಡವು. ಗಾಳಿ ಕೊಂಬೆಯನ್ನು ಎಷ್ಟು ತೂಗಿದರೂ ನಿದ್ದೆಹೋದ ಹಕ್ಕಿಗೆ ಎಚ್ಚರವಾಗಲಿಲ್ಲ.

ಬೆಳಗಾಗುವಷ್ಟರಲ್ಲಿ ಬೆಕ್ಕು ಬೇಸತ್ತು ಹೊರಟುಹೋಗಿತ್ತು. ಹಕ್ಕಿ ಕಣ್ಣುಬಿಟ್ಟು, ಕೊಂಚ ನಾಚಿ, ಕೇಳಿತು: "ಹೊರಡಬೇಕಪ್ಪ. ಈಗ ನನ್ನನ್ನು ಬಿಡ್ತೀಯಾ?"

"ಎದ್ದು ನಿಲ್ಲಿ, ಸಾಕು" ಎಂದಿತು ನಾರು.