ಕಾಗೆಯ ಲೇಪ

ಮಳೆಗಾಲ ಮುಗಿದು ಗರಿ ಉದುರಿಸಿಕೊಂಡಿದ್ದ ನವಿಲುಗಳಿಗೆಲ್ಲ ಕಾಗೆ, ಹೊಸ ಗರಿ ಬರಿಸುವ ಲೇಪವೆಂದು ನಂಬಿಸಿ, ಕೊಳೆತ ಮೀನು ಅರೆದು ಬಾಲಕ್ಕೆ ಹಚ್ಚಿತು. ಅದರ ಕೂಲಿಯಾಗಿ ಅವುಗಳ ಅತ್ತಿಹಣ್ಣನ್ನೆಲ್ಲ ತಿಂದು ಕೊಬ್ಬಿತು. ನಾತಕ್ಕೆ ಹೇಸಿದ ಒಂದು ಹಟಮಾರಿ ನವಿಲು ಮಾತ್ರ ದೂರ ಉಳಿಯಿತು.

"ಬೋಳುಬಾಲದವನಿಗೆ ಹೆಣ್ಣು ಯಾರಪ್ಪಾ ಕೊಡ್ತಾರೆ?" ಎಂದು ಉಳಿದವು ಹಂಗಿಸಿದವು.

ಬೇಸಿಗೆಯ ಹೊತ್ತಿಗೆ ಎಲ್ಲಕ್ಕೂ ಗರಿ ಬಂತು. ಹಟಮಾರಿಗೂ ಬಂತು, ಅಷ್ಟೇ ಉದ್ದ, ಅಷ್ಟೇ ಹೊಳಪು.

"ಅಣ್ಣಂದಿರಾ, ನಾನು ಏನೂ ಹಚ್ಚಿಕೊಂಡಿಲ್ಲ. ಬೇಕಾದರೆ ಪಕ್ಕದಲ್ಲಿ ನಿಂತು ಅಳೆದು ನೋಡಿ" ಎಂದಿತು ಅದು.

ನವಿಲುಗಳು ಕಾಗೆಯತ್ತ ತಿರುಗಿದವು. ಕಾಗೆ ಕೊಕ್ಕು ಒರೆಸಿಕೊಂಡಿತು.

"ಬರೀ ವಾಸನೆಗೇ ಇವನಿಗೆ ಇಷ್ಟು ಬೆಳೆದಿದೆ ಅಂದಮೇಲೆ ನನ್ನ ಲೇಪ ಎಂಥದ್ದಿರಬೇಕು! ಇನ್ನುಮೇಲೆ ಮಾತ್ರ ಯಾರನ್ನೂ ಹೀಗೆ ಬಿಡಬೇಡಿ. ಸುಮ್ಮನೆ ಅನುಮಾನ ಹುಟ್ಟುತ್ತದೆ."

"ಹೌದು ಹೌದು" ಎಂದ ನವಿಲುಗಳು ಹಟಮಾರಿಯನ್ನು ಹಿಡಿದು, ಅದರ ಹೊಸ ಗರಿಗಳ ಮೇಲೆಯೇ ಕೊಳೆತ ಮೀನು ಬಳಿದವು.