ಪಲ್ಲಕ್ಕಿ ಹೊತ್ತವರ ಜಗಳ

"ಆಳುಗಳು ತಮ್ಮತಮ್ಮಲ್ಲೇ ಕಚ್ಚಾಡುತ್ತಿರಬೇಕು ಕಣಯ್ಯಾ ಬೊಮ್ಮರಸ. ಆಗಲೇ ಕೆಲಸ ಚುರುಕಾಗೋದು!" ಎಂದು ಪಲ್ಲಕ್ಕಿ ಏರುವ ಮೊದಲು ರಾಜ ಭುಜಂಗರಾಯ ಮೀಸೆ ತಿರುವಿದ.

ಬೊಮ್ಮರಸ ಆಸ್ಥಾನದ ಜಾಣ. ಪಲ್ಲಕ್ಕಿಯ ಪಕ್ಕದಲ್ಲೇ ನಡೆದ.

ರಾಜ ಮೊಮ್ಮಗನ ನಾಮಕರಣಕ್ಕೆ ಮಗಳ ಊರಿಗೆ ಹೊರಟಿದ್ದ. ಗುಡ್ಡದ ದಾರಿ ಕಿರಿದು, ಪಲ್ಲಕ್ಕಿ ಹೊರುವವರು ಇಬ್ಬರೇ. ಮುಂದೆ ಹೆಗಲು ಕೊಡುವ ಓಬಳಯ್ಯನಿಗೆ ರಾಜ ಬೆಳಗ್ಗೆಯೇ, "ನೀನು ಸೋಮಾರಿ ಅಂತಾನಲ್ಲೋ ಕಾಟಯ್ಯ" ಎಂದು ಕಿವಿಯೂದಿದ್ದ. ಹಿಂದೆ ಹೊರುವ ಕಾಟಯ್ಯನಿಗೂ ಅದನ್ನೇ ತಿರುಗಿಸಿ ಹೇಳಿದ್ದ. ಹಟಕ್ಕೆ ಬಿದ್ದು ಓಡಲಿ ಅಂತ.

ಓಡಿದರು. ರಾಜ ಪರದೆ ಎಳೆದುಕೊಂಡು ಒಳಗೆ ಒರಗಿದ. ಆದರೆ ಕಲ್ಲು ಕಂಡರೂ ಓಬಳಯ್ಯ "ಕಲ್ಲು" ಎಂದು ಕೂಗಲಿಲ್ಲ. ಕಾಟಯ್ಯ ಎಡವಿದ. ಆ ಸಿಟ್ಟಿಗೆ ಇಳಿಜಾರಿನಲ್ಲಿ ಬೇಕೆಂದೇ ನೂಕಿದ. ಪಲ್ಲಕ್ಕಿ ವಾಲಿತು. ರಾಜನ ಹಣೆ ಕಂಬಕ್ಕೆ ಬಡಿದು ಬುಗುಟೆ ಎದ್ದಿತು.

"ಇಬ್ಬರಿಗೂ ಚಾಟಿ ಏಟು!"

"ಏಟು ತಿಂದವರು ಹೊರೋದು ಹೇಗೆ, ಪ್ರಭು?" ಎಂದ ಬೊಮ್ಮರಸ.

"ಹಾಗಾದರೆ ನೀನೇ ಸರಿಮಾಡು. ಮುಹೂರ್ತ ತಪ್ಪಿತೋ, ವಾಪಸು ಬರುವಾಗ ನನ್ನನ್ನು ನೀನೇ ಹೊರಬೇಕು!"

ಬೊಮ್ಮರಸ ಇಬ್ಬರನ್ನೂ ಕೇಳಿದ: "ಯಾರ ಕೆಲಸ ಸುಲಭ?"

"ಅವನದು!" ಎಂದರು ಇಬ್ಬರೂ.

"ಸರಿ, ಇಬ್ಬರೂ ಸುಲಭದ ಕೆಲಸವನ್ನೇ ಮಾಡಿ. ಜಾಗ ಬದಲಿಸಿಕೊಳ್ಳಿ."

ಹಿಂದೆ ಹೋದ ಓಬಳಯ್ಯ ಇಪ್ಪತ್ತು ಹೆಜ್ಜೆಗೇ ಎಡವಿದ. "ಅಯ್ಯಪ್ಪಾ! ಪಲ್ಲಕ್ಕಿ ಬಿಟ್ಟರೆ ಏನೂ ಕಾಣಲ್ಲ. ಒಂದು ಕೂಗು ಹಾಕಬಾರದೇನೋ?"

"ಎಲ್ಲಿಂದ ಕೂಗಲಿ? ನೀನು ನೂಕೋ ರಭಸಕ್ಕೆ ಉಸಿರೇ ನಿಲ್ತಿದೆ!" ಎಂದ ಕಾಟಯ್ಯ. ಆಮೇಲೆ ದನಿ ತಗ್ಗಿಸಿದ. "ಅಲ್ಲಾ, ನಾನು ಸೋಮಾರಿ ಅಂದೆಯಂತೆ?"

"ನಾನೆಲ್ಲಿ ಅಂದೆ? ನೀನೇ ನನ್ನನ್ನು ಅಂದೆಯಂತೆ!"

"ನಿನಗೆ ಯಾರು ಹೇಳಿದ್ದು?"

ಇಬ್ಬರ ಕಣ್ಣೂ ಪಲ್ಲಕ್ಕಿಯ ಕಡೆ ಹೊರಳಿದವು. ಇಬ್ಬರೂ ನಾಲಿಗೆ ಕಚ್ಚಿಕೊಂಡರು. ಒಳಗಿನಿಂದ ಸಣ್ಣ ಕೆಮ್ಮೊಂದು ಕೇಳಿಸಿತು.

ಅಲ್ಲಿಂದ ಮುಂದೆ "ಕಲ್ಲು!" ಅಂದರೆ "ಕೇಳ್ತು!", "ಏರು!" ಅಂದರೆ "ಬಂದೆ!". ಪಲ್ಲಕ್ಕಿ ಮುಹೂರ್ತಕ್ಕೆ ಮೊದಲೇ ಮಗಳ ಅಂಗಳದಲ್ಲಿ ಇಳಿಯಿತು.

ಬುಗುಟೆ ಸವರಿಕೊಳ್ಳುತ್ತ ರಾಜ ಕೇಳಿದ: "ನಿಜ ಹೇಳಯ್ಯಾ, ತಪ್ಪು ಯಾರದು?"

"ಹಿಂದಿನವನಿಗೆ ದಾರಿ ಕಾಣುತ್ತಿರಲಿಲ್ಲ, ಪ್ರಭು. ಮುಂದಿನವನಿಗೆ ಹಿಂದಿನವನ ಪಾಡು ಕಾಣುತ್ತಿರಲಿಲ್ಲ. ಎರಡೂ ಕಾಣುತ್ತಿದ್ದದ್ದು ಒಳಗೆ ಕೂತವರಿಗೆ ಮಾತ್ರ. ಅವರು ಪರದೆ ಎಳೆದುಕೊಂಡಿದ್ದರು."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಪಲ್ಲಕ್ಕಿಯ ರೇಷ್ಮೆ ಪರದೆ ಕಿತ್ತು ಬೊಮ್ಮರಸನ ಹೆಗಲಿಗೆ ಹೊದಿಸಿದ.